ಬ್ರಷ್ ಕಂಡರೆ ಬಾಯಿ ಬಿಗಿಯುವ ಮಕ್ಕಳು

ಪ್ರಶ್ನೆ: ಮಗನಿಗೆ ಐದು ವರ್ಷ, ಆಟಿಸಂ ಇದೆ. ಬ್ರಷ್ ಕಂಡರೆ ಸಾಕು, ಬಾಯಿ ಬಿಗಿದು ಕಿರುಚುತ್ತಾನೆ. ಇಬ್ಬರು ಹಿಡಿದುಕೊಂಡು ಉಜ್ಜಬೇಕು. ತಾನೇ ಉಜ್ಜಿಕೊಳ್ಳುವುದನ್ನು ಹೇಗೆ ಕಲಿಸಲಿ?
– ಒಬ್ಬ ತಾಯಿ, ತಿಪಟೂರು

ಉತ್ತರ: ಮೊದಲು ಒಮ್ಮೆ ದಂತವೈದ್ಯರಿಗೆ ತೋರಿಸಿ. ಹುಳುಕೋ ಬಾಯಿಹುಣ್ಣೋ ಇದ್ದರೆ, ನೋವೆಂದು ಹೇಳಲು ಬಾರದ ಮಗು ಹೀಗೆಯೇ ಕಿರುಚುತ್ತದೆ. ಅದನ್ನು ಹಟ ಅಂದುಕೊಳ್ಳುವುದು ನಮ್ಮ ತಪ್ಪು.

ನೋವಿಲ್ಲ ಎಂದಾದರೆ ತೊಂದರೆ ಎಲ್ಲಿದೆ ಎಂದು ಹುಡುಕಿ. ಒಂದು ದಿನ ಒಣ ಬ್ರಷ್ ಮುಟ್ಟಿಸಿ, ಇನ್ನೊಂದು ದಿನ ಪೇಸ್ಟನ್ನು ಬೆರಳ ತುದಿಯಲ್ಲಿ ಮಾತ್ರ ನೆಕ್ಕಿಸಿ. ಪೇಸ್ಟಿಗೆ ಮುಖ ತಿರುಗಿಸಿದರೆ ಪುದೀನ ಖಾರವೋ ನೊರೆಯೋ ಕಾರಣವಿರಬಹುದು. ನೊರೆ ಬರಿಸುವ ಸೋಡಿಯಂ ಲಾರಿಲ್ ಸಲ್ಫೇಟ್ ಇಲ್ಲದ, ಖಾರವಿಲ್ಲದ ಪೇಸ್ಟ್ ಕೊಳ್ಳಿ. ಫ್ಲೋರೈಡ್ ಮಾತ್ರ ಬಿಡಬೇಡಿ, ಟ್ಯೂಬಿನ ಮೇಲೆ 1000 ಪಿಪಿಎಂ ಎಂದಿರಲಿ. ಮೂರು ವರ್ಷದೊಳಗೆ ಅಕ್ಕಿಕಾಳಿನಷ್ಟು, ಮೂರರಿಂದ ಆರರವರೆಗೆ ಬಟಾಣಿ ಕಾಳಿನಷ್ಟು ಸಾಕು. ಜಾಹೀರಾತಿನಲ್ಲಿ ಬ್ರಷ್ ತುಂಬ ಹಾಕುವುದು ಪೇಸ್ಟ್ ಮಾರುವವರ ಲೆಕ್ಕ.

ಬ್ರಷ್ ಸ್ಪರ್ಶವೇ ಆಗದಿದ್ದರೆ ಕೆನ್ನೆ, ತುಟಿ, ಮುಂದಿನ ಹಲ್ಲು ಹೀಗೆ ಒಳಗೆ ಸಾಗಿ. ಪ್ರತಿ ಸಲ ಐದರವರೆಗೆ ಗಟ್ಟಿಯಾಗಿ ಎಣಿಸಿ, ಐದಕ್ಕೆ ಬ್ರಷ್ ಹೊರಗೆ ತೆಗೆಯಿರಿ. ಮಗು ಸುಮ್ಮನಿದೆಯಲ್ಲ, ಇನ್ನೆರಡು ಸಲ ತಿಕ್ಕಿಬಿಡೋಣ ಎಂದು ಆರಕ್ಕೆ ಹೋದಿರೋ, ಮರುದಿನ ಬಾಯಿ ತೆರೆಯುವುದಿಲ್ಲ. ಬ್ರಷ್ ಒಗ್ಗುವ ತನಕ, ಅವನು ಮುಟ್ಟಗೊಟ್ಟಷ್ಟು ಜಾಗವನ್ನು ಒದ್ದೆ ಬಟ್ಟೆಯಿಂದ ಒರೆಸಿ.

ಆಮೇಲೆ ಕಲಿಸುವಿಕೆ, ಅದೂ ಕೊನೆಯಿಂದ. ಬ್ರಷ್ ಒದ್ದೆ ಮಾಡಿ, ಪೇಸ್ಟ್ ಹಾಕಿ, ಉಜ್ಜಿ, ಬ್ರಷ್ ತೊಳೆಯುವವರೆಗೆ ನೀವೇ ಅವನ ಕೈ ಹಿಡಿದು ಮಾಡಿಸಿ. ಬ್ರಷ್ಷನ್ನು ಲೋಟದಲ್ಲಿ ಇಡುವುದೊಂದು ಅವನ ಕೆಲಸ. ಅದು ಕೈಗೆ ಬಂದ ಮೇಲೆ ತೊಳೆದು ಇಡುವುದು. ಹೀಗೆ ಒಂದೊಂದೇ ಹೆಜ್ಜೆ ಹಿಂದಕ್ಕೆ ಬನ್ನಿ. ದಿನದಿನವೂ ಕೆಲಸ ‘ನಾನೇ ಮುಗಿಸಿದೆ’ ಎನ್ನುವಲ್ಲಿಗೆ ನಿಲ್ಲುತ್ತದೆ. ಮೊದಲ ಹೆಜ್ಜೆಯಿಂದ ಶುರು ಮಾಡಿದರೆ ಕಷ್ಟದ ಭಾಗದಲ್ಲೇ ರಂಪವಾಗಿ ಪಾಠ ಮುರಿಯುತ್ತದೆ.

ಕನ್ನಡಿಯ ಮುಂದೆ ಅವನ ಬೆನ್ನ ಹಿಂದೆ ನಿಲ್ಲಿ. ಆಗ ನಿಮ್ಮ ಕೈ, ಅವನ ಕೈ ಒಂದೇ ದಿಕ್ಕಿಗೆ ಆಡುತ್ತವೆ. ಹಿಡಿತವನ್ನು ಅಂಗೈಯಿಂದ ಮಣಿಕಟ್ಟಿಗೆ, ಮೊಣಕೈಗೆ ಸರಿಸುತ್ತಾ ಬಿಡಿ. ‘ಈಗ ಮೇಲೆ, ಈಗ ಕೆಳಗೆ’ ಎಂದು ಹೇಳುತ್ತಲೇ ಇದ್ದರೆ ಮಗು ನಿಮ್ಮ ಮಾತಿಗೇ ಕಾದು ನಿಲ್ಲುತ್ತದೆ. ಬದಲಿಗೆ ನಿಮ್ಮದೇ ಬಚ್ಚಲಲ್ಲಿ ತೆಗೆದ ಫೋಟೊಗಳನ್ನು ಸಾಲಾಗಿ ಅಂಟಿಸಿ ಬೆರಳಿಟ್ಟು ತೋರಿಸಿ. ಬಹುಮಾನವಾಗಿ ಚಾಕೊಲೇಟ್ ಬೇಡ, ಹೇಳಬೇಕಾಗಿಲ್ಲ. ಆದರೆ ತರಬೇತಿಯಲ್ಲಿ ಅದನ್ನೇ ಕೊಡುವವರಿದ್ದಾರೆ.

ಪ್ರಶ್ನೆ: ನಮ್ಮ ವಿಶೇಷ ಶಾಲೆಯಲ್ಲಿ ಊಟದ ನಂತರ ಹಲ್ಲುಜ್ಜಿಸುತ್ತೇವೆ. ಕೆಲವರಿಗೆ ಉಗುಳಲು ಬಾರದು. ಸೆರೆಬ್ರಲ್ ಪಾಲ್ಸಿ ಇರುವ ಒಬ್ಬ ಹುಡುಗಿ ಬ್ರಷ್ಷನ್ನು ಕಚ್ಚಿ ಹಿಡಿಯುತ್ತಾಳೆ.
– ಶಿಕ್ಷಕಿ, ಧಾರವಾಡ

ಉತ್ತರ: ಕಚ್ಚುವುದು ತುಂಟತನವಲ್ಲ, ಏನಾದರೂ ತಾಗಿದೊಡನೆ ದವಡೆ ತಾನಾಗಿ ಬಿಗಿಯುವ ಪ್ರತಿವರ್ತನೆ ಇರಬಹುದು. ಎಳೆದರೆ ಇನ್ನೂ ಬಿಗಿಯಾಗುತ್ತದೆ, ಹಲ್ಲಿಗೂ ಪೆಟ್ಟು. ಕೈ ಆಡಿಸದೆ ಕಾಯಿರಿ, ದವಡೆ ತಾನೇ ಸಡಿಲವಾಗುತ್ತದೆ. ಹಲ್ಲುಗಳ ಕೆನ್ನೆ ಕಡೆಯ ಬದಿಯಿಂದ ಶುರು ಮಾಡಿ, ನಾಲಗೆಯ ಕಡೆಯ ಬದಿ ಕೊನೆಗೆ. ಹಲ್ಲುಗಳ ನಡುವೆ ನಿಮ್ಮ ಬೆರಳು ಎಂದೂ ಇಡಬೇಡಿ. ಕೂರಿಸುವಾಗ ತಲೆ ಹಿಂದಕ್ಕೆ ವಾಲದೆ ಗದ್ದ ತುಸು ಕೆಳಗಿರಲಿ, ಇಲ್ಲವಾದರೆ ನೊರೆ ಶ್ವಾಸನಾಳಕ್ಕೆ ಇಳಿದೀತು.

ಇದೇ ಕಾರಣಕ್ಕೆ, ನುಂಗಲು ಕಷ್ಟಪಡುವ ಮಕ್ಕಳಿಗೆ ಮುಕ್ಕಳಿಸಲು ನೀರು ಕೊಡಬೇಡಿ. ಉಗುಳಲು ಬಾರದವರಿಗೆ ಪೇಸ್ಟನ್ನು ತೆಳ್ಳಗೆ ಸವರಿ ಉಜ್ಜಿ, ಮಿಕ್ಕ ನೊರೆಯನ್ನು ಬಟ್ಟೆಯಿಂದ ಒರೆಸಿದರೆ ಸಾಕು. ನುಂಗುವ ತೊಂದರೆ ಇಲ್ಲದವರಿಗೆ ಉಗುಳುವುದನ್ನು ಬೇರೆ ಹೊತ್ತಿನಲ್ಲಿ ಕಲಿಸಿ: ಬಕೆಟ್ ಮೇಲೆ ಬಗ್ಗಿಸಿ, ಒಂದು ಗುಟುಕು ನೀರು ಬಾಯಿಗೆ, ತುಟಿ ತೆರೆದರೆ ತಾನೇ ಸುರಿಯುತ್ತದೆ. ‘ಥೂ’ ಆಮೇಲೆ ಬರುತ್ತದೆ.

ಹಿಡಿತ ಸಾಲದವರಿಗೆ ಬ್ರಷ್ ಹಿಡಿಗೆ ಸೈಕಲ್ ಹ್ಯಾಂಡಲ್ ಗ್ರಿಪ್ ತೊಡಿಸಿ. ಬ್ರಷ್‌ಗಳನ್ನೆಲ್ಲ ಒಂದೇ ಲೋಟಕ್ಕೆ ತುರುಕಬೇಡಿ. ಒಂದಕ್ಕೊಂದು ತಾಗದಂತೆ ನಿಲ್ಲಿಸಿ, ಓದಲು ಬಾರದವರದಕ್ಕೆ ಹೆಸರಿನ ಬದಲು ಚಿತ್ರ ಅಂಟಿಸಿ.

ಪ್ರಶ್ನೆ: ಡೌನ್ ಸಿಂಡ್ರೋಮ್ ಇರುವ ಏಳು ವರ್ಷದ ಮಗಳಿಗೆ ಹುಳುಕಿಲ್ಲ, ಉಜ್ಜಿದರೆ ವಸಡಿನಲ್ಲಿ ರಕ್ತ. ಕೆಲ ದಿನ ಬಿಡಲೇ?
– ಒಬ್ಬ ತಂದೆ, ಶಿವಮೊಗ್ಗ

ಉತ್ತರ: ಬಿಡಬೇಡಿ. ಈ ಮಕ್ಕಳಿಗೆ ವಸಡಿನ ರೋಗ ಬೇಗ ಬರುತ್ತದೆ. ರಕ್ತ ಬರುವುದು ಹೆಚ್ಚಾಗಿ ಹಲ್ಲು–ವಸಡು ಸೇರುವಲ್ಲಿ ಪಾಚಿ ಕುಳಿತಿರುವುದರಿಂದ. ಮೆದು ಬ್ರಷ್ಷನ್ನು ವಸಡಿನ ಅಂಚಿಗೆ ಓರೆಯಾಗಿಟ್ಟು ಸಣ್ಣಗೆ ಅಲುಗಿಸಿ. ಅವಳು ಉಜ್ಜಿಕೊಂಡ ಮೇಲೆ ರಾತ್ರಿಯಾದರೂ ನೀವೊಮ್ಮೆ ಉಜ್ಜಿ. ಎರಡು ವಾರದಲ್ಲಿ ರಕ್ತ ನಿಲ್ಲದಿದ್ದರೆ ದಂತವೈದ್ಯರಿಗೆ ತೋರಿಸಿ. ಫಿಟ್ಸ್‌ಗೆಂದು ಫೆನಿಟಾಯಿನ್ ಕೊಡುತ್ತಿದ್ದರೆ ಅವರಿಗೆ ತಿಳಿಸಿ, ಅದರಿಂದ ವಸಡು ಊದಿ ಬೆಳೆಯಬಹುದು. ನೀವಾಗಿ ಔಷಧಿ ನಿಲ್ಲಿಸಬೇಡಿ. ರಾತ್ರಿಯ ಸಿಹಿ ಸಿರಪ್ ಏನಿದ್ದರೂ ಹಲ್ಲುಜ್ಜುವ ಮೊದಲೇ ಕುಡಿಸಿ.