ಮಾಗಿದ್ದೋ, ಮಂಕಾಗಿದ್ದೋ?

(ಹಾವೇರಿಯ ಓದುಗರೊಬ್ಬರ ಪತ್ರದ ಸಾರ: ‘ನಮ್ಮ ತಂದೆಗೆ 69 ವರ್ಷ, ನಿವೃತ್ತ ಮೇಷ್ಟ್ರು. ಬಸ್ಸು ತಡವಾದರೆ ಕೂಗಾಡುತ್ತಿದ್ದವರು ಈಗ ಚಿಕ್ಕಪ್ಪನ ಜೊತೆಗಿನ ಹೊಲದ ತಕರಾರಿಗೂ “ಹೋಗ್ಲಿ ಬಿಡು” ಅನ್ನುತ್ತಾರೆ. ಮದುವೆ-ಮುಂಜಿಗೆ ಹೋಗುವುದನ್ನು ಬಿಟ್ಟಿದ್ದಾರೆ. ಮೊಮ್ಮಗಳು ಹಾಡಿದರೆ ನಗುತ್ತಲೇ ಕಣ್ಣೊರೆಸಿಕೊಳ್ಳುತ್ತಾರೆ. ಇದು ವಯಸ್ಸಿಗೆ ಬಂದ ಸಮಾಧಾನವೋ, ಖಿನ್ನತೆಯೋ? ಒತ್ತಾಯ ಮಾಡಿ ಹೊರಗೆ ಕರೆದುಕೊಂಡು ಹೋಗಬೇಕೇ?’)

ಸಿಟ್ಟು ಇಳಿದದ್ದು, ಮದುವೆ ಬಿಟ್ಟದ್ದು, ಕಣ್ಣೀರು ಬರುವುದು, ಈ ಮೂರನ್ನೂ ನೀವು ಒಂದೇ ಗಂಟಿಗೆ ಕಟ್ಟಿದ್ದೀರಿ. ಮೂರಕ್ಕೂ ಕಾರಣ ಒಂದೇ ಇರಬೇಕೆಂದಿಲ್ಲ. ಮೊದಲು ಸಿಟ್ಟಿನ ವಿಷಯ ನೋಡೋಣ.

ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಮನೋವಿಜ್ಞಾನಿ ಲಾರಾ ಕಾರ್ಸ್ಟೆನ್ಸನ್ ಮತ್ತು ಸಂಗಡಿಗರು 18ರಿಂದ 94 ವರ್ಷದ 184 ಮಂದಿಯ ಕೈಗೆ ಪೇಜರ್ ಕೊಟ್ಟರು. ಒಂದು ವಾರ, ದಿನಕ್ಕೆ ಐದು ಸಲ, ಗೊತ್ತಿಲ್ಲದ ಹೊತ್ತಿನಲ್ಲಿ ಅದು ಸದ್ದು ಮಾಡುತ್ತಿತ್ತು. ಸದ್ದಾದ ಕೂಡಲೇ ಖುಷಿ, ಆಸಕ್ತಿ, ಕಿರಿಕಿರಿ, ಭಯ, ಬೇಸರ ಹೀಗೆ 19 ಭಾವನೆಗಳಿಗೆ 1ರಿಂದ 7ರವರೆಗೆ ಅಂಕ ಹಾಕಬೇಕು. 2000ದಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ ಸಿಟ್ಟು, ಆತಂಕದಂಥ ಭಾವನೆಗಳು ಸುಮಾರು 60ರ ತನಕ ಅಪರೂಪವಾಗುತ್ತ ಹೋಗಿ ಅಲ್ಲಿಂದಾಚೆ ಹಾಗೇ ನಿಲ್ಲುತ್ತವೆ. ಬಂದರೂ ಬೇಗ ಹೋಗುತ್ತವೆ. ಖುಷಿಯ ಭಾವನೆಗಳು ಮಾತ್ರ ವಯಸ್ಸಾದಂತೆ ಕಡಿಮೆಯಾಗಲಿಲ್ಲ. ‘ಅದು ಹಳೇ ತಲೆಮಾರಿನವರ ಸ್ವಭಾವ, ವಯಸ್ಸಿನದ್ದಲ್ಲ’ ಎಂದು ಯಾರಾದರೂ ಅನ್ನಬಹುದಿತ್ತು. ಅದಕ್ಕೇ ಐದು ವರ್ಷ ಬಿಟ್ಟು, ಮತ್ತೆ ಹತ್ತನೇ ವರ್ಷಕ್ಕೆ, ಅದೇ ಜನರನ್ನು ಹಾಗೇ ಕೇಳಿದರು. ಅದೇ ಜನರಲ್ಲೂ ವಯಸ್ಸಾದಂತೆ ಮನಸ್ಸು ಹೆಚ್ಚು ಹಗುರವಾಗುತ್ತ ಬಂದಿತ್ತು.

ನಿಮ್ಮ ಪ್ರಶ್ನೆಗೆ ಕೀಲಿಕೈ ಇರುವುದು ಇಲ್ಲೇ. ವಯಸ್ಸು ತಗ್ಗಿಸುವುದು ಸಿಟ್ಟನ್ನು, ಸಂತೋಷವನ್ನಲ್ಲ. ಹಾಗಾಗಿ ತಂದೆ ಕೂಗಾಡುತ್ತಿಲ್ಲ ಎನ್ನುವುದನ್ನು ಅಳೆಯುತ್ತ ಕೂರಬೇಡಿ. ಅವರಿಗೆ ಇಷ್ಟವಾದದ್ದು ಇನ್ನೂ ಇಷ್ಟವಾಗುತ್ತಿದೆಯೇ ನೋಡಿ. ಪತ್ರಿಕೆ ಬರುವುದನ್ನು ಕಾಯುತ್ತಾರೆಯೇ, ಕ್ರಿಕೆಟ್ ಸ್ಕೋರು ಕೇಳುತ್ತಾರೆಯೇ, ಹಳೇ ವಿದ್ಯಾರ್ಥಿ ಸಿಕ್ಕರೆ ಮುಖ ಅರಳುತ್ತದೆಯೇ? ಸಿಟ್ಟಿನ ಜೊತೆ ಇವೂ ಹೋಗಿದ್ದರೆ ಅದು ಮಾಗಿದ್ದಲ್ಲ.

ಮೊಮ್ಮಗಳ ಹಾಡಿಗೆ ಬರುವ ಕಣ್ಣೀರು ಆ ಲೆಕ್ಕದಲ್ಲಿ ಒಳ್ಳೆಯ ಸೂಚನೆ. ಖುಷಿ ಮತ್ತು ನೋವು ಒಂದೇ ಗಳಿಗೆಯಲ್ಲಿ ಬರುವುದು ಹಿರಿಯರಲ್ಲಿ ಹೆಚ್ಚು ಎಂದು ಅದೇ ಅಧ್ಯಯನ ತೋರಿಸಿತ್ತು. ಮುಂದಿರುವ ಕಾಲ ಕಡಿಮೆ ಎಂಬ ಅರಿವು ಮನಸ್ಸಿನ ಮೂಲೆಯಲ್ಲಿ ಇರುವಾಗ ಹತ್ತಿರದವರ ಜೊತೆಗಿನ ಕ್ಷಣಕ್ಕೆ ತೂಕ ಬರುತ್ತದೆ, ಬೀದಿ ಜಗಳ ದಂಡ ಅನ್ನಿಸುತ್ತದೆ ಎಂಬುದು ಕಾರ್ಸ್ಟೆನ್ಸನ್ ಅವರ ವಾದ.

ಹೊಲದ ಮಾತು ಬೇರೆ. ಹಿರಿಯರ ಗಮನ ಮತ್ತು ನೆನಪು ಒಳ್ಳೆಯದರ ಕಡೆಗೆ ವಾಲುತ್ತದೆ ಎಂಬುದಕ್ಕೆ ಸಾಕಷ್ಟು ಪುರಾವೆಯಿದೆ. ಮನಸ್ಸಿಗೆ ಅದು ಹಿತವೇ, ಆದರೆ ಕಾಗದಪತ್ರದ ವಿಷಯದಲ್ಲಿ ನಷ್ಟಕ್ಕೆ ದಾರಿ. ಜಗಳವನ್ನು ‘ಹೋಗ್ಲಿ ಬಿಡು’ ಅಂದರೆ ಒಪ್ಪಿಕೊಳ್ಳಿ. ಪಾಲುಪತ್ರಕ್ಕೆ ಸಹಿ ಹಾಕುವಾಗ ಮಾತ್ರ ಒಂದು ಹಾಳೆಯಲ್ಲಿ ಲಾಭ, ನಷ್ಟ ಎರಡನ್ನೂ ಅವರ ಕೈಯಲ್ಲೇ ಬರೆಸಿ. ವಿವರಗಳನ್ನೇ ಗಮನಿಸಿ ಎಂದು ಮೊದಲೇ ಹೇಳಿದರೆ ಆ ವಾಲಿಕೆ ಇಲ್ಲವಾಗುತ್ತದೆ.

ಮನೆಯಲ್ಲೇ ಪರೀಕ್ಷಿಸಿ ನೋಡಬೇಕೆಂದರೆ ಆ ಪೇಜರ್ ವಿಧಾನವನ್ನೇ ಚಿಕ್ಕದು ಮಾಡಿಕೊಳ್ಳಿ. ತಂದೆ ಒಪ್ಪಿದರೆ ಮಾತ್ರ. ಅವರ ಫೋನಿನಲ್ಲಿ ದಿನಕ್ಕೆ ಐದು ಅಲಾರಂ, ಏಳು ದಿನ, ಪ್ರತಿದಿನ ಬೇರೆ ಬೇರೆ ಹೊತ್ತಿಗೆ ಇಟ್ಟುಕೊಡಿ. 19 ಬೇಡ, ಖುಷಿ, ಆಸಕ್ತಿ, ಕಿರಿಕಿರಿ, ದುಃಖ, ಆತಂಕ, ಬೇಸರ ಈ ಆರು ಸಾಕು. ಜೇಬಿನ ಪುಸ್ತಕದಲ್ಲಿ ಒಂದು ಸಾಲು ಹೀಗಿರಲಿ: ‘12.40, ಪೋಸ್ಟಾಫೀಸಿನ ಕ್ಯೂ. ಖುಷಿ 2, ಆಸಕ್ತಿ 4, ಕಿರಿಕಿರಿ 3, ಉಳಿದವು 1.’ ಮೇಷ್ಟ್ರಿಗೆ ಅಂಕ ಹಾಕುವುದನ್ನು ಯಾರೂ ಹೇಳಿಕೊಡಬೇಕಿಲ್ಲ!

ಇದು ಕೆಡುವ ಬಗೆಗಳೂ ಗೊತ್ತಿರಲಿ. ದಿನವೂ ಕಾಫಿ ಹೊತ್ತಿಗೇ ಅಲಾರಂ ಹೊಡೆದರೆ ಖುಷಿ ಸುಮ್ಮನೆ ಏರುತ್ತದೆ. ರಾತ್ರಿ ಕೂತು ಇಡೀ ದಿನದ್ದನ್ನು ಒಟ್ಟಿಗೆ ಬರೆದರೆ ಊಟದ ಹೊತ್ತಿನ ಒಂದು ಮಾತು ಇಡೀ ದಿನಕ್ಕೆ ಬಣ್ಣ ಬಳಿದಿರುತ್ತದೆ. ತಪ್ಪಿದ ಅಲಾರಂ ತಪ್ಪಿಹೋಗಲಿ, ಆಮೇಲೆ ತುಂಬಿಸುವುದು ಬೇಡ. ಎಲ್ಲಕ್ಕಿಂತ ಹೆಚ್ಚಾಗಿ, ಪುಸ್ತಕವನ್ನು ಮನೆಯವರು ದಿನಾ ಇಣುಕಿ ನೋಡಬಾರದು. ನೋಡುತ್ತಾರೆಂದು ಗೊತ್ತಾದರೆ ‘ಆರಾಮ್ ಇದ್ದೀನಿ’ ಎಂಬ ಅಂಕಗಳೇ ಬೀಳುತ್ತವೆ.

ವಾರದ ಕೊನೆಗೆ ಖುಷಿ ಮತ್ತು ಆಸಕ್ತಿಯ ಅಂಕ ಅಲ್ಲಲ್ಲಿ ಏರುತ್ತಿದ್ದರೆ ನಿಶ್ಚಿಂತೆ. ಎರಡೂ ಬಹುತೇಕ 1ರಲ್ಲೇ ಮಲಗಿದ್ದು, ಜೊತೆಗೆ ಎರಡು ವಾರಕ್ಕೂ ಹೆಚ್ಚು ಕಾಲ ನಸುಕಿಗೇ ಎಚ್ಚರ, ಊಟ ಸೇರದಿರುವುದು, ತೂಕ ಇಳಿಯುವುದು, ‘ನಾನೊಂದು ಭಾರ’ ಎಂಬ ಮಾತು ಕಂಡರೆ ವೈದ್ಯರಲ್ಲಿಗೆ ಹೋಗಿ. ಇದು ಕಾಯಿಲೆಯ ಪರೀಕ್ಷೆಯಲ್ಲ, ಅಂಕ ಚೆನ್ನಾಗಿದ್ದರೂ ಈ ಲಕ್ಷಣಗಳಿದ್ದರೆ ಹೋಗಲೇಬೇಕು. ಹಿರಿಯರ ಖಿನ್ನತೆ ಎಷ್ಟೋ ಸಲ ಅಳುವಿನ ರೂಪದಲ್ಲಿ ಬರುವುದಿಲ್ಲ, ಮೈಕೈ ನೋವು, ಸುಸ್ತು ಎಂದು ಬರುತ್ತದೆ. ಥೈರಾಯ್ಡ್, ಬಿ12, ಸೋಡಿಯಂ, ಸಕ್ಕರೆ ಪರೀಕ್ಷೆ ಮಾಡಿಸಿ, ಇತ್ತೀಚೆಗೆ ಶುರುವಾದ ಮಾತ್ರೆಗಳ ಚೀಟಿ ಒಯ್ಯಿರಿ. ಏನೂ ಬೇಡ ಎಂಬ ಜಡತನದ ಜೊತೆ ಮರೆವೂ ಹೆಚ್ಚುತ್ತಿದ್ದರೆ ಅದನ್ನು ಬೇರೆಯಾಗಿಯೇ ಹೇಳಿ. ‘ಬದುಕಿದ್ದು ಸಾಕು’ ಎಂಬ ಮಾತು ಬಂದರೆ ಎರಡು ವಾರ ಕಾಯಬೇಡಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್‌ನ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ.

ಈ ಎಚ್ಚರಿಕೆಗೆ ಕಾರಣವಿದೆ. ಅಮೆರಿಕದ ಅಧ್ಯಯನವನ್ನು ಇಡಿಯಾಗಿ ನಮ್ಮೂರಿಗೆ ತರಲಾಗದು. ವಯಸ್ಸಾದವರ ಬಗ್ಗೆ 2017–18ರಲ್ಲಿ ನಡೆದ ಭಾರತದ ದೊಡ್ಡ ಸಮೀಕ್ಷೆಯಲ್ಲಿ (ಲಾಸಿ) 60 ದಾಟಿದವರಲ್ಲಿ ಸುಮಾರು ಶೇ. 8 ಮಂದಿಗೆ ತೀವ್ರ ಖಿನ್ನತೆಯ ಕಾಯಿಲೆ ಇರುವ ಸಂಭವ ಕಂಡಿತ್ತು. ಜಗಳದಿಂದ ಎದ್ದು ಹೋಗುವ ಅನುಕೂಲ ಇರುವ ತನಕ ಮಾತ್ರ ವಯಸ್ಸಿನ ಸಮಾಧಾನ ಕೆಲಸ ಮಾಡುತ್ತದೆ. ಹಾಸಿಗೆ ಹಿಡಿದ ಸಂಗಾತಿಯ ಆರೈಕೆ, ತೀರದ ಸಾಲ, ದಿನಾ ಚುಚ್ಚುವ ಮನೆ, ಇವುಗಳ ನಡುವೆ ಆ ಅನುಕೂಲ ಇರುವುದಿಲ್ಲ. ಒಮ್ಮೆ ಕೆರಳಿದ ರಕ್ತದೊತ್ತಡ ಇಳಿಯುವುದೂ ಈ ವಯಸ್ಸಿನಲ್ಲಿ ನಿಧಾನ. ಹೊಲದ ವಿಷಯವನ್ನು ರಾತ್ರಿ ಊಟದ ಮುಂದೆ ತೆಗೆಯಬೇಡಿ. ಬೆಳಿಗ್ಗೆ ಅರ್ಧ ಗಂಟೆ ಮಾತಾಡಿ ಅಲ್ಲಿಗೆ ನಿಲ್ಲಿಸಿ.

ಇನ್ನು ಮದುವೆಗಳು. ದೂರದ ಪರಿಚಯಗಳನ್ನು ಕೈಬಿಟ್ಟು ಹತ್ತಿರದವರನ್ನು ಉಳಿಸಿಕೊಳ್ಳುವುದು ಈ ವಯಸ್ಸಿನ ಸಹಜ ಆಯ್ಕೆ. ಆದರೆ ಮನಸ್ಸಿಗಿಂತ ಮೊದಲು ಕಿವಿಯನ್ನು ಅನುಮಾನಿಸಿ. ಮಾತಾಡುವವರು ಎದುರಿಗಿದ್ದರೆ ಎಲ್ಲ ಕೇಳಿಸುವವರಿಗೂ ಓಲಗ, ಧ್ವನಿವರ್ಧಕ, ನೂರು ಜನರ ಗಲಾಟೆಯಲ್ಲಿ ಒಂದು ಮಾತೂ ಬಿಡಿಸಿ ಕೇಳಿಸುವುದಿಲ್ಲ. ಸುಮ್ಮನೆ ನಕ್ಕು ತಲೆಯಾಡಿಸಿ ಸಾಕಾಗಿ ಅವರು ಹೋಗುವುದನ್ನೇ ಬಿಡುತ್ತಾರೆ. ಮಂಡಿ ನೋವು, ಪದೇ ಪದೇ ಮೂತ್ರಕ್ಕೆ ಹೋಗಬೇಕಾದ ತೊಂದರೆಯೂ ಅಷ್ಟೇ, ಯಾರ ಹತ್ತಿರವೂ ಹೇಳಿಕೊಳ್ಳಲಾಗದ್ದು. ಶ್ರವಣ ಪರೀಕ್ಷೆ ಮಾಡಿಸಿ. ಛತ್ರದಲ್ಲಿ ಕುರ್ಚಿ ಕಮೋಡು ಇದೆಯೇ ಎಂದು ಮೊದಲೇ ವಿಚಾರಿಸಿ ಅವರಿಗೆ ತಿಳಿಸಿ. ಒತ್ತಾಯ ಮಾತ್ರ ಬೇಡ. ಆರತಕ್ಷತೆಯ ರಾತ್ರಿಯ ಬದಲು ಮದುವೆಗೆ ಎರಡು ದಿನ ಮುಂಚೆ ಆ ಮನೆಗೇ ಹೋಗಿ, ಹುಡುಗಿಗೆ ಅಕ್ಷತೆ ಹಾಕಿ, ಅರ್ಧ ಗಂಟೆ ಕೂತು ಬರೋಣವೇ ಎಂದು ಕೇಳಿ ನೋಡಿ.

—ಸಂ.