ಮೋಟಾರ್‌ಬೈಕ್ ಟ್ರಯಲ್ಸ್‌ನಲ್ಲಿ ಕಡಿಮೆ ಅಂಕದವರು ಗೆಲ್ಲುತ್ತಾರೆ, ಆದರೆ ಪ್ರಾದೇಶಿಕ ಚಾಂಪಿಯನ್‌ಶಿಪ್ ಪಟ್ಟಿಯಲ್ಲಿ ಹೆಚ್ಚು ಅಂಕದವರು ಮೇಲಿರುತ್ತಾರೆ. ಈ ಲೆಕ್ಕ ಹೇಗೆ?

ನೀವು ನೋಡಿರುವುದು ಎರಡು ಬೇರೆ ಬೇರೆ ಲೆಕ್ಕ. ಒಂದು ದಿನದ ಟ್ರಯಲ್‌ನಲ್ಲಿ ಎಣಿಸುವುದು ತಪ್ಪುಗಳನ್ನು, ಹಾಗಾಗಿ ಕಡಿಮೆ ಇದ್ದವರು ಗೆಲ್ಲುತ್ತಾರೆ. ಚಾಂಪಿಯನ್‌ಶಿಪ್‌ನಲ್ಲಿ ಎಣಿಸುವುದು ಆ ದಿನ ಎಷ್ಟನೇ ಸ್ಥಾನ ಬಂತು ಎಂಬುದನ್ನು, ಅಲ್ಲಿ ಹೆಚ್ಚು ಇದ್ದವರು ಮೇಲೆ.

ಮೊದಲು ದಿನದ ಲೆಕ್ಕ. ಟ್ರಯಲ್ಸ್‌ನಲ್ಲಿ ವೇಗಕ್ಕೆ ಬೆಲೆಯಿಲ್ಲ. ಬಂಡೆ, ಹಳ್ಳ, ಬೇರು, ಕಡಿದಾದ ದಿಬ್ಬಗಳ ನಡುವೆ ಟೇಪ್ ಕಟ್ಟಿ ಗುರುತಿಸಿದ ಸೆಕ್ಷನ್‌ಗಳನ್ನು ಕಾಲು ಊರದೆ ದಾಟಬೇಕು. ಒಮ್ಮೆಯೂ ಊರದಿದ್ದರೆ 0, ಅಂದರೆ ಕ್ಲೀನ್. ಒಮ್ಮೆ ಊರಿದರೆ 1, ಎರಡು ಬಾರಿಗೆ 2, ಮೂರು ಅಥವಾ ಅದಕ್ಕಿಂತ ಎಷ್ಟೇ ಬಾರಿ ಊರಿದರೂ 3. ಬಿದ್ದರೆ, ಗಡಿ ದಾಟಿದರೆ, ತನ್ನ ದಾರಿಯ ಗೇಟ್ (ನಡುವೆ ಹಾಯಬೇಕಾದ ಜೋಡಿ ಗುರುತು) ತಪ್ಪಿಸಿದರೆ, ಗುರುತು ಕೆಡವಿದರೆ, ಹೊರಗಿನವರ ಸಹಾಯ ಪಡೆದರೆ 5. ಕಾಲು ಮಾತ್ರವಲ್ಲ, ಆಸರೆಗೆಂದು ಮರಕ್ಕೆ ಭುಜ ಕೊಟ್ಟರೂ ಅದು ಕಾಲೂರಿದಂತೆಯೇ. ಮುಂದಿನ ಚಕ್ರದ ಆಕ್ಸಲ್ ಆರಂಭದ ಫಲಕ ದಾಟಿದಾಗ ಎಣಿಕೆ ಶುರು, ಅದೇ ಆಕ್ಸಲ್ ಕೊನೆಯ ಫಲಕ ದಾಟಿದಾಗ ಮುಗಿಯಿತು. ಕೊನೆಯ ಎರಡಡಿಯಲ್ಲಿ ನಿರಾಳವಾಗಿ ಕಾಲು ಬಿಟ್ಟು 1 ತೆಗೆದುಕೊಳ್ಳುವ ಹೊಸಬರು ಬಹಳ.

ಇಲ್ಲಿ ಒಂದು ವಿಷಯ ಮೊದಲೇ ತಿಳಿದುಕೊಳ್ಳಿ: ಆ ಸ್ಪರ್ಧೆ ನಿಲ್ಲಲು ಅವಕಾಶವಿರುವ ನಿಯಮದಲ್ಲಿ ನಡೆಯುತ್ತಿದೆಯೋ, ನಿಲ್ಲಬಾರದ ನಿಯಮದಲ್ಲೋ? ಎರಡನೆಯದರಲ್ಲಿ ಬೈಕ್ ಮುಂದೆ ಚಲಿಸುವುದು ನಿಂತ ಕ್ಷಣವೇ 5, ಕಾಲು ಗಾಳಿಯಲ್ಲಿದ್ದರೂ ಸರಿ. ಒಂದರಲ್ಲಿ ಪಳಗಿದವರು ಇನ್ನೊಂದಕ್ಕೆ ಬಂದಾಗ ತಪ್ಪಿನ ಅಂಕ ತೆಗೆದುಕೊಳ್ಳುವುದು ಹೆಚ್ಚಾಗಿ ಇಲ್ಲಿಯೇ.

10 ಸೆಕ್ಷನ್, 3 ಸುತ್ತು ಎಂದಿಟ್ಟುಕೊಳ್ಳಿ. ಒಟ್ಟು 30 ಪ್ರಯತ್ನ, ಅತಿ ಕೆಟ್ಟ ಮೊತ್ತ 150. ಒಬ್ಬರಿಗೆ 22 ಕ್ಲೀನ್, ನಾಲ್ಕು 1, ಎರಡು 3, ಎರಡು 5 ಬಂದರೆ ಮೊತ್ತ 20. ಇನ್ನೊಬ್ಬರಿಗೆ 18 ಕ್ಲೀನ್, ಹತ್ತು 1, ಎರಡು 5 ಬಂದರೂ 20. ಸಮ ಬಂದಾಗ ಮೊದಲು ನೋಡುವುದು ಯಾರ ಕ್ಲೀನ್ ಹೆಚ್ಚು ಎಂದು, ಹಾಗಾಗಿ ಮೊದಲನೆಯವರು ಮೇಲೆ. ಅದೂ ಸಮವಾದರೆ ಯಾರಿಗೆ 1 ಹೆಚ್ಚು, ಆಮೇಲೆ 2 ಹೆಚ್ಚು ಎಂದು ನೋಡುವ ಕ್ರಮವಿದೆ. ಆರಂಭದಿಂದ ಎಣಿಸಿ ಯಾರು ಹೆಚ್ಚು ದೂರ ಕ್ಲೀನ್ ಹೋಗಿದ್ದಾರೆ ಎಂದು ನೋಡುವ ಕ್ರಮವೂ ಇದೆ. ನಿಗದಿತ ಸಮಯ ಮೀರಿದರೆ ಸಾಮಾನ್ಯವಾಗಿ ನಿಮಿಷಕ್ಕೆ 1 ಸೇರುತ್ತದೆ.

ಇನ್ನು ಚಾಂಪಿಯನ್‌ಶಿಪ್. ಒಂದು ಪ್ರದೇಶದ ಬೇರೆ ಬೇರೆ ಕ್ಲಬ್‌ಗಳು ತಲಾ ಒಂದೋ ಎರಡೋ ಸುತ್ತು ನಡೆಸಿಕೊಡುತ್ತವೆ; ಇಲ್ಲಿ ಸುತ್ತು ಎಂದರೆ ಇಡೀ ಒಂದು ದಿನದ ಟ್ರಯಲ್. ಸ್ಥಾನಕ್ಕೆ ತಕ್ಕ ಅಂಕ ಹೆಚ್ಚಾಗಿ 20, 17, 15, 13, 11, 10, 9 ಎಂದು ಇಳಿಯುತ್ತ 15ನೇ ಸ್ಥಾನಕ್ಕೆ 1 ಆಗುತ್ತದೆ. ಈ ಅಂಕಗಳು ವರ್ಗದೊಳಗೆ, ಅಂದರೆ ಪರಿಣತಿಗೆ ತಕ್ಕಂತೆ ಮಾಡಿದ ಸವಾರರ ಗುಂಪಿನೊಳಗೆ ಮಾತ್ರ. ವರ್ಷದ ಮಧ್ಯೆ ವರ್ಗ ಬದಲಿಸಿದರೆ ಹಳೆಯ ಅಂಕ ಜೊತೆಗೆ ಬರುವುದಿಲ್ಲ ಎಂದೇ ತಿಳಿದುಕೊಳ್ಳಿ. ಎಲ್ಲ ಸುತ್ತುಗಳನ್ನೂ ಲೆಕ್ಕಕ್ಕೆ ಹಿಡಿಯದೆ 8ರಲ್ಲಿ ಉತ್ತಮ 6 ಎಂಬಂತೆ ಆರಿಸುವುದು ರೂಢಿ. ಇದರ ಪರಿಣಾಮ ನೋಡಿ: ಐದು ಸುತ್ತು ಗೆದ್ದು ಮೂರಕ್ಕೆ ಬಾರದವರಿಗೆ 100. ಎಂಟರಲ್ಲೂ ಎರಡನೇ ಸ್ಥಾನ ಬಂದವರಿಗೆ 6 × 17, ಅಂದರೆ 102. ಒಂದೂ ಗೆಲ್ಲದವರು ಚಾಂಪಿಯನ್. ಇದು ಅನ್ಯಾಯವೆಂದು ನನಗೆ ಅನ್ನಿಸುವುದಿಲ್ಲ. ಬೇರೆ ಬೇರೆ ನೆಲದಲ್ಲಿ, ಬೇರೆ ಬೇರೆ ಹವಾಮಾನದಲ್ಲಿ ಬಂದು ಸವಾರಿ ಮಾಡಿದವರನ್ನು ಗುರುತಿಸುವುದಕ್ಕೇ ಚಾಂಪಿಯನ್‌ಶಿಪ್ ಇರುವುದು. ಹೊರಗಿನ ಅತಿಥಿ ಸವಾರರು ಮೊದಲ ಸ್ಥಾನ ಪಡೆದರೆ ಉಳಿದವರು ಒಂದೊಂದು ಮೆಟ್ಟಿಲು ಮೇಲೇರುತ್ತಾರೋ ಇಲ್ಲವೋ ಎಂಬುದು ಪ್ರದೇಶದಿಂದ ಪ್ರದೇಶಕ್ಕೆ ಬದಲಾಗುತ್ತದೆ. ಅದನ್ನು ಆ ವರ್ಷದ ಪೂರಕ ನಿಯಮಾವಳಿಯಲ್ಲಿ ಓದಿಕೊಳ್ಳಿ.

ಆದರೆ ಈ ಎರಡೂ ಲೆಕ್ಕ ಅರ್ಥಪೂರ್ಣವಾಗುವುದು ಸೆಕ್ಷನ್‌ಗಳನ್ನು ಸರಿಯಾಗಿ ಹಾಕಿದ್ದರೆ ಮಾತ್ರ. ಎಲ್ಲರೂ ಕ್ಲೀನ್ ಮಾಡುವ ಸೆಕ್ಷನ್ ಯಾರನ್ನೂ ಬೇರ್ಪಡಿಸುವುದಿಲ್ಲ, ಎಲ್ಲರೂ 5 ಪಡೆಯುವುದೂ ಅಷ್ಟೇ. ಒಂದೇ ಸೆಕ್ಷನ್‌ನಲ್ಲಿ ಕಠಿಣ, ಮಧ್ಯಮ, ಸುಲಭ ಎಂದು ಬಣ್ಣದ ಬಾಣಗಳಿಂದ ಎರಡು ಮೂರು ದಾರಿ ಗುರುತಿಸುತ್ತಾರೆ. ಆ ವರ್ಗದ ಒಳ್ಳೆಯ ಸವಾರ ಕ್ಲೀನ್ ಮಾಡಬಲ್ಲ, ಸಾಧಾರಣ ಸವಾರ ಒಂದೆರಡು ಬಾರಿ ಕಾಲೂರಿ ಪಾರಾಗಬಲ್ಲ, ಹಾಗಿರಬೇಕು ದಾರಿ. ಮಳೆ ಇದರ ದೊಡ್ಡ ಶತ್ರು. ಹಿಂದಿನ ದಿನ ಒಣ ಬಂಡೆಯ ಮೇಲೆ ಹಾಕಿದ ದಾರಿ ಮರುದಿನ ಮೊದಲ ಹತ್ತು ಬೈಕುಗಳು ಕೆಸರು ತಂದು ಹಚ್ಚಿದ ಮೇಲೆ ಅಸಾಧ್ಯವಾಗಬಹುದು. ಆದ್ದರಿಂದ ಅನುಭವಿಗಳು ಸುಲಭ ಮಾಡಲು ಬಾಣ ಎಲ್ಲಿಗೆ ಸರಿಸಬೇಕೆಂದು ಮೊದಲೇ ಯೋಚಿಸಿರುತ್ತಾರೆ. ಸರಿಸುವುದಾದರೆ ಎಲ್ಲರೂ ಆ ಸುತ್ತು ಮುಗಿಸಿದ ಮೇಲೆಯೇ. ನಡುವೆ ಬದಲಿಸಿದರೆ ಅರ್ಧ ಜನ ಒಂದು ದಾರಿ, ಅರ್ಧ ಜನ ಇನ್ನೊಂದು ದಾರಿ ಹೋದಂತಾಗಿ ಆ ಸೆಕ್ಷನ್ನಿನ ಅಂಕವನ್ನು ಎಲ್ಲರಿಗೂ ರದ್ದು ಮಾಡಬೇಕಾಗುತ್ತದೆ.

ಸಮಯದ ಲೆಕ್ಕವೂ ಇದೆ. 60 ಸವಾರರು, ತಲೆಗೆ ಒಂದು ನಿಮಿಷ, 3 ಸುತ್ತು: ಒಂದು ಸೆಕ್ಷನ್‌ಗೆ ಬಿಡುವಿಲ್ಲದೆ 180 ನಿಮಿಷ. ಎಲ್ಲರನ್ನೂ ಒಂದನೇ ಸೆಕ್ಷನ್‌ನಿಂದ ಬಿಟ್ಟರೆ ಅಲ್ಲಿ ಸಾಲು ಬೆಳೆದು ಉಳಿದ ಒಂಬತ್ತು ಖಾಲಿ ಬಿದ್ದಿರುತ್ತವೆ. ಗುಂಪು ಮಾಡಿ ಬೇರೆ ಬೇರೆ ಸೆಕ್ಷನ್‌ಗಳಿಂದ ಶುರು ಮಾಡಿಸುವುದು ಇದಕ್ಕೆ ಸುಲಭದ ಪರಿಹಾರ.

ಇಡೀ ವ್ಯವಸ್ಥೆ ನಿಂತಿರುವುದು ಪ್ರತಿ ಸೆಕ್ಷನ್‌ನಲ್ಲಿ ದಿನವಿಡೀ ನಿಲ್ಲುವ ಅಬ್ಸರ್ವರ್ ಮೇಲೆ. ಅವರು ಕಾಲೂರಿದ್ದನ್ನು ಜೋರಾಗಿ ಎಣಿಸುತ್ತಾರೆ, ಕೊನೆಯಲ್ಲಿ ಬೆರಳಿನಿಂದ ತೋರಿಸುತ್ತಾರೆ, ಆಮೇಲೆ ಸವಾರರ ಕಾರ್ಡಿನಲ್ಲಿ ಪಂಚ್ ಮಾಡುತ್ತಾರೆ ಅಥವಾ ತಮ್ಮ ಹಾಳೆಯಲ್ಲಿ ಬರೆಯುತ್ತಾರೆ. ತಪ್ಪುಗಳು ಹೆಚ್ಚಾಗಿ ಹಾಳೆಯಲ್ಲಾಗುತ್ತವೆ: ಕೆಸರು ಮೆತ್ತಿದ ನಂಬರ್ ಪ್ಲೇಟ್ ತಪ್ಪು ಓದುವುದು, ಎರಡನೇ ಸುತ್ತಿನ ಅಂಕ ಮೂರನೆಯದರ ಕಾಲಂಗೆ ಬೀಳುವುದು. ನಂಬರ್ ಒರೆಸಿಕೊಂಡು ಸೆಕ್ಷನ್‌ಗೆ ಇಳಿಯಿರಿ, ಹೊರಬಂದ ಕೂಡಲೇ ಅಂಕ ಕೇಳಿ ಖಚಿತಪಡಿಸಿಕೊಳ್ಳಿ. ಕಾಲೂರಿದಿರೋ ಇಲ್ಲವೋ ಎಂಬ ಅಬ್ಸರ್ವರ್ ತೀರ್ಪನ್ನು ಪ್ರಶ್ನಿಸಿ ದೂರು ಕೊಡಲು ಬರುವುದಿಲ್ಲ. ಕೂಡುವಲ್ಲಿ ಆದ ತಪ್ಪಿಗೆ ಮಾತ್ರ, ಅದೂ ಫಲಿತಾಂಶ ಅಂಟಿಸಿದ ಮೇಲೆ ನಿಯಮಾವಳಿ ಹೇಳಿದ ಅವಧಿಯೊಳಗೆ, ಕಾರ್ಯದರ್ಶಿಯ ಬಳಿ ಹೋಗಬಹುದು.