ಬಸ್ಸಿನ ಬಣ್ಣ ನೋಡಿ ಹತ್ತುವ ಮಕ್ಕಳು

"ನಿಮ್ಮ ಕಾಸರಗೋಡಲ್ಲಿ ಕನ್ನಡ ಮೀಡಿಯಂ ಮಕ್ಕಳನ್ನು ಶಾಲೆಗೆ ಕಳಿಸ್ಲಿಕ್ಕೆ ಎಂತ ಅಷ್ಟು ಕಷ್ಟ, ಸ್ಕೂಲ್ ವ್ಯಾನ್ ಇಲ್ವಾ" ಅಂತ ಕೇಳಿದ್ರಲ್ಲ. ಉಂಟು ಮಾರಾಯ್ರೇ, ಬೆಳಿಗ್ಗೆ ಹಳದಿ ಬಸ್ಸುಗಳು ನಮ್ಮ ರೋಡಲ್ಲೂ ಸಾಲಾಗಿ ಹೋಗ್ತವೆ, ಆದ್ರೆ ಹೆಚ್ಚಿನದ್ದೂ ಇಂಗ್ಲಿಷ್ ಮೀಡಿಯಂನವರದ್ದು. ಕನ್ನಡ ಮೀಡಿಯಂ ಮಕ್ಕಳು ಹೋಗುದು ಸರ್ಕಾರಿ ಇಲ್ಲಾಂದ್ರೆ ಐಡೆಡ್, ಅಂದ್ರೆ ಸರ್ಕಾರದ ಅನುದಾನದ ಶಾಲೆಗೆ, ಅಲ್ಲಿಗೆ ಹೆಚ್ಚಾಗಿ ಎಲ್ಲರೂ ಹೋಗುವ ಲೈನ್ ಬಸ್ಸೇ ಗತಿ. ಮನೆ ಹತ್ರ ಶಾಲೆ ಇಲ್ಲ ಅಂತಲ್ಲ, ಇರ್ತದೆ, ಅಲ್ಲಿ ಕನ್ನಡದ ಕ್ಲಾಸ್ ಇರುದಿಲ್ಲ, ಹಾಗಾಗಿ ಆ ಶಾಲೆ ದಾಟಿ ಮುಂದಿನದಕ್ಕೆ ಹೋಗ್ಬೇಕು.

ನಾನು ಹೇಳ್ತಿರುದು ಕಾಸರಗೋಡಿನ ಕತೆ, ಅದ್ರಲ್ಲೂ ಚಂದ್ರಗಿರಿ ಹೊಳೆಯಿಂದ ಬಡಗಿನ ಕಡೆದ್ದು, ಮಂಜೇಶ್ವರ, ಕುಂಬಳೆ, ಬದಿಯಡ್ಕ, ಪೆರ್ಲ ಈ ಕಡೆ. 1956ರ ನವೆಂಬರ್ 1ಕ್ಕೆ ಕೇರಳಕ್ಕೆ ಸೇರಿದ್ದು, 1984ರಲ್ಲಿ ಬೇರೆ ಜಿಲ್ಲೆ ಆದದ್ದು. ಮನೆಯಲ್ಲಿ ತುಳು, ಪೇಟೆಯಲ್ಲಿ ಮಲಯಾಳ, ಶಾಲೆಯಲ್ಲಿ ಕನ್ನಡ, ಇದು ಇಲ್ಲಿ ಯಾರಿಗೂ ವಿಶೇಷ ಅಲ್ಲ. ಮಾತಾಡ್ಲಿಕ್ಕೆ ಎಲ್ಲ ಬರ್ತದೆ, ಓದುದು ಬೇರೆ ವಿಷಯ. ಬಸ್ಸಿನ ಬೋರ್ಡು ಹೆಚ್ಚಾಗಿ ಮಲಯಾಳದಲ್ಲಿ ಮಾತ್ರ ಇರ್ತದೆ. 2017ರಲ್ಲಿ ಕೇರಳದ ಶಾಲೆಗಳಲ್ಲಿ ಮಲಯಾಳ ಕಲಿಸ್ಲೇಬೇಕು ಅಂತ ಕಾನೂನು ಬಂತು, ಅದಕ್ಕೆ ಇಲ್ಲಿ ದೊಡ್ಡ ವಿರೋಧ ಆಯ್ತು, ಆ ಜಗಳ ಇಲ್ಲಿ ಬೇಡ. ಒಂದನೇ ಎರಡನೇ ಕ್ಲಾಸಿನ ಮಗುವಿಗಂತೂ ಕನ್ನಡವನ್ನೇ ಕೂಡಿಸಿ ಓದುವ ಹೊತ್ತು ಅದು, ಬರ್ತಾ ಇರುವ ಬಸ್ಸಿನ ಮಲಯಾಳ ಬೋರ್ಡು ಎಲ್ಲಿ ಓದ್ತದೆ.

ಹಾಗಾದ್ರೆ ಇಷ್ಟು ವರ್ಷ ಹೇಗೆ ಹೋಗ್ತಿದ್ವು ಕೇಳಿದ್ರೆ, ಬಣ್ಣ ನೋಡಿ. ಒಂದೊಂದು ಬಸ್ಸಿಗೆ ಒಂದೊಂದು ಬಣ್ಣ, ಕೆಂಪಿನದ್ದು ಪೆರ್ಲಕ್ಕೆ, ಹೂವಿನ ಚಿತ್ರ ಇದ್ದದ್ದು ಮುಳ್ಳೇರಿಯಕ್ಕೆ, ಅಮ್ಮಂದಿರು ಹೇಳಿ ಕಳಿಸುದೇ ಹಾಗೆ. 2018ರಲ್ಲಿ ಕೇರಳದ ಪ್ರೈವೇಟ್ ಬಸ್ಸಿಗೆಲ್ಲ ಒಂದೇ ಪೇಂಟ್ ಅಂತ ರೂಲ್ ಬಂತು, ಸಿಟಿ ಬಸ್ಸಿಗೆ ಹಸಿರು, ಲಿಮಿಟೆಡ್ ಸ್ಟಾಪಿಗೆ ಮರೂನ್, ಉಳಿದ ಆರ್ಡಿನರಿ ಎಲ್ಲ ನೀಲಿ. ಬಸ್ಸಿನವರ ಪೈಪೋಟಿ ನಿಲ್ಲಿಸ್ಲಿಕ್ಕೆ ಮಾಡಿದ್ದಂತೆ, ಒಳ್ಳೆದೇ ಇರ್ಬಹುದು. ಆದ್ರೆ ನಮ್ಮಣ್ಣನ ಮಗ ಆಗ ಎರಡನೇ ಕ್ಲಾಸು, ಬದಿಯಡ್ಕ ಸ್ಟ್ಯಾಂಡಲ್ಲಿ ಸಂಜೆ ನಾಲ್ಕು ನೀಲಿ ಬಸ್ಸು ಒಟ್ಟಿಗೆ ನಿಂತಿವೆ, ಇವ ಪೆರ್ಲದ್ದು ಅಂತ ಮುಳ್ಳೇರಿಯದ್ದಕ್ಕೆ ಹತ್ತಿದ್ದಾನೆ. ರಶ್ಶಲ್ಲಿ ಹೊರಗೆ ಕಾಣುದಿಲ್ಲ, ಎತ್ತರ ಸಾಕಾಗುದಿಲ್ಲ, ಕೊನೆ ಸ್ಟಾಪಲ್ಲಿ ಎಲ್ಲ ಇಳಿದಾಗ ಗೊತ್ತಾದದ್ದು. ಅಲ್ಲಿ ಅಂಗಡಿಯ ಬ್ಯಾರಿ ಅಜ್ಜ ಒಬ್ರು ಬ್ಯಾಗಿಂದ ಡೈರಿ ತೆಗೆದು ನಂಬರ್ ನೋಡಿ ಅಣ್ಣನಿಗೆ ಫೋನ್ ಮಾಡಿದ್ರು. ನಾವು ಹೋಗುವಾಗ ಅವ ಅಂಗಡಿ ಬೆಂಚಲ್ಲಿ ಕೂತು ನಿಂಬೆಸೋಡ ಕುಡಿತಾ ಇದ್ದ, ಶರ್ಟಿನ ಮುಂದೆ ಎಲ್ಲ ಕಣ್ಣೀರಿಗೆ ಒದ್ದೆ. ಅತ್ತಿಗೆ ಮರುದಿನದಿಂದ ಅವನ ಕೈಯಲ್ಲಿ ಪೆನ್ನಲ್ಲಿ ಮಲಯಾಳದ 'ಪೆ' ಅಕ್ಷರ ಬರೆದು ಕಳಿಸಿದ್ಲು, ಬೋರ್ಡಲ್ಲಿ ಇದು ಕಂಡ್ರೆ ಮಾತ್ರ ಹತ್ತು ಅಂತ.

ಹತ್ತುದು ಇನ್ನೊಂದು ಕತೆ. ಕೇರಳದಲ್ಲಿ ಶಾಲೆ ಮಕ್ಕಳ ಕಡಿಮೆ ರೇಟಿನ ಸ್ಟೂಡೆಂಟ್ ಟಿಕೇಟಿಗೆ ಎಸ್‌ಟಿ ಅಂತ ಹೇಳುದು, ಮಿನಿಮಮ್ 1 ರೂಪಾಯಿ. 2022ರಲ್ಲಿ ದೊಡ್ಡವರ ಮಿನಿಮಮ್ 8ರಿಂದ 10 ಆಯ್ತು, ಮಕ್ಕಳದ್ದು ಆ 1 ರೂಪಾಯಿಯಲ್ಲೇ ನಿಂತಿತು. ಬಡವರ ಮಕ್ಕಳಿಗೆ ದೊಡ್ಡ ಉಪಕಾರ, ಸುಳ್ಳಲ್ಲ. ಆದ್ರೆ ಡೀಸೆಲ್ ಹಾಕುವವನ ಲೆಕ್ಕದಲ್ಲಿ ಆ ಮಗು ನಿಂತ ಜಾಗದಲ್ಲಿ ಹತ್ತು ರೂಪಾಯಿಯವ ನಿಲ್ಬಹುದಿತ್ತು, ಅದಕ್ಕೆ ಬಸ್ಸು ಸ್ಟಾಪಿಂದ ಸ್ವಲ್ಪ ಮುಂದೆ ಹೋಗಿ ನಿಲ್ತದೆ, ಮಕ್ಕಳು ಬ್ಯಾಗ್ ಹೊತ್ತು ಓಡ್ಬೇಕು, "ಎಸ್‌ಟಿ ಕೇರಂಡ" ಅಂದ್ರೆ ಪಾಸಿನವರು ಈಗ ಹತ್ತಬೇಡಿ ಅಂತ ಬಾಗಿಲಲ್ಲಿ ಕೂಗ್ತಾರೆ, ದೊಡ್ಡವರೆಲ್ಲ ಹತ್ತಿ ಆದ್ಮೇಲೆ ಬಸ್ಸು ಹೊರಡ್ತಾ ಇರುವಾಗ ಇವರದ್ದು ಪಾಳಿ. ನನಗೆ ಕೇಳಿದ್ರೆ ಇಡೀ ದಿನದಲ್ಲಿ ಅಪಾಯದ ಹೊತ್ತು ಅಂದ್ರೆ ಆ ಐದು ಸೆಕೆಂಡು, ಬೇರೆ ಎಂತದೂ ಅಲ್ಲ. ಎಲ್ಲ ಕಂಡಕ್ಟರ್ ಹಾಗಲ್ಲ ಮತ್ತೆ, ಮಕ್ಕಳ ಬ್ಯಾಗ್ ತಾನೇ ಎಳೆದು ಒಳಗೆ ಇಡುವವರೂ ಇದ್ದಾರೆ.

ಈಗ ಹೈವೇ ಬದಿಯವರಿಗೆ ಹೊಸತೊಂದು. ಕರ್ನಾಟಕದ ಗಡಿ ತಲಪಾಡಿಯಿಂದ ಈಚೆ ಎನ್‌ಎಚ್ 66 ಆರು ಲೇನ್ ಆದ್ಮೇಲೆ ಮೊದಲು ನೇರ ದಾಟ್ತಿದ್ದ ರೋಡಿಗೆ ಗೋಡೆ ಬಂದಿದೆ, ಅಂಡರ್‌ಪಾಸ್ ಇದ್ದಲ್ಲಿವರೆಗೆ ನಡೀಬೇಕು, ಮಳೆಗೆ ಸರ್ವಿಸ್ ರೋಡಲ್ಲಿ ನೀರು. ರೈಲ್ವೆ ಹಳಿ ದಾಟುವವರೂ ಇದ್ದಾರೆ, ಈಗಿನ ಕರೆಂಟ್ ಇಂಜಿನ್ ರೈಲು ಬರುದೇ ಕೇಳುದಿಲ್ಲ.

ಒಳಗಿನ ಊರುಗಳಲ್ಲಿ ಮಳೆಗಾಲ ಅಂದ್ರೆ ತೋಡು, ತುಂಬಿ ಹರಿಯುವ ಸಣ್ಣ ಹಳ್ಳ. ಜೂನಲ್ಲಿ ಶಾಲೆ ಶುರು ಆಗುದೂ ಮಳೆ ಶುರು ಆಗುದೂ ಒಟ್ಟಿಗೆ ನೋಡಿ. ಎರಡು ಅಡಿಕೆ ಮರ ಅಡ್ಡ ಹಾಕಿದ ಪಾಲ, ನೀವು ಕಾಲುಸಂಕ ಅಂತ ಪೇಪರಲ್ಲಿ ಓದಿರ್ಬಹುದು, ಪಾಚಿ ಹಿಡಿದ್ರೆ ಸೋಪಿನ ಹಾಗೆ ಜಾರ್ತದೆ. 2022ರ ಆಗಸ್ಟಲ್ಲಿ ಬೈಂದೂರು ಕಡೆ ಇಂಥದ್ದೇ ಸಂಕದಿಂದ ಒಂದು ಪುಟ್ಟ ಹುಡುಗಿ ನೀರಿಗೆ ಬಿದ್ದು ತೀರಿಹೋದ್ಲು. 2023ರ ಜುಲೈಯಲ್ಲಿ ನಮ್ಮ ಜಿಲ್ಲೆಯಲ್ಲೇ ಶಾಲೆ ಬಿಟ್ಟು ಹೊರಡುವಾಗ ಮರ ಬಿದ್ದು ಆರನೇ ಕ್ಲಾಸಿನ ಹುಡುಗಿ ಹೋದ್ಲು. ಆಮೇಲೆ ಮಳೆ ಜೋರಾದ್ರೆ ನಮ್ಮ ಅತ್ತಿಗೆ ಮಗುವನ್ನು ಕಳಿಸುದೇ ಇಲ್ಲ, ರಜೆ ಇರ್ಲಿ ಇಲ್ದಿರ್ಲಿ.

ರಜೆ ಅಂದ ಕೂಡ್ಲೇ ಗಡಿ ಬಂತು. ಇಲ್ಲಿಯ ಕಲೆಕ್ಟರ್ ರಜೆ ಕೊಟ್ರೆ ದಕ್ಷಿಣ ಕನ್ನಡದಲ್ಲಿ ಇರ್ಲಿಕ್ಕಿಲ್ಲ, ಅಲ್ಲಿ ಡಿಸಿ ಕೊಟ್ರೆ ಇಲ್ಲಿ ಇಲ್ಲ. ಪೆರ್ಲದಿಂದ ವಿಟ್ಲ, ಪುತ್ತೂರಿಗೆ, ಮಂಜೇಶ್ವರದಿಂದ ಮಂಗಳೂರಿಗೆ ಓದ್ಲಿಕ್ಕೆ ಹೋಗುವ ಮಕ್ಕಳು ಎಷ್ಟೋ ಇದ್ದಾರೆ. ಮನೆ ಇರುವ ಕಡೆ ರೆಡ್ ಅಲರ್ಟ್, ಅಕ್ಕಪಕ್ಕದ ಮಕ್ಕಳೆಲ್ಲ ಮನೆಯಲ್ಲಿ, ಇವರು ಮಾತ್ರ ಕೊಡೆ ಹಿಡಿದು ಹೊರಡ್ಬೇಕು, ಶಾಲೆ ಆಚೆ ಜಿಲ್ಲೆಯಲ್ಲಿ ಅಲ್ವಾ, ಅಲ್ಲಿ ಹಾಜರಿ ಹಾಕ್ತಾರೆ. ಈಚೆ ಬಸ್ಸಿನ ಕನ್ಸೆಷನ್ ಕಾರ್ಡ್ ಆಚೆ ನಡೆಯುದಿಲ್ಲ, ತಲಪಾಡಿಯಲ್ಲಿ ಇಳಿದು ಬೇರೆ ಬಸ್ಸು. 2020ರಲ್ಲಿ ಕೊರೋನಾಕ್ಕೆ ರೋಡಿಗೆ ಮಣ್ಣು ಸುರಿದು ಗಡಿ ಮುಚ್ಚಿದ್ದು ನಿಮಗೂ ನೆನಪಿರ್ಬಹುದು, ಆ ಜೂನಲ್ಲಿ ಆಚೆ ಎಸ್ಸೆಸ್ಸೆಲ್ಸಿ ಬರೆಯುವ ಇಲ್ಲಿಯ ಮಕ್ಕಳು ತಲಪಾಡಿಯವರೆಗೆ ಹೋಗಿ ಅಲ್ಲಿಂದ ಬೇರೆ ಬಸ್ಸಲ್ಲಿ ಹೋಗಿ ಪರೀಕ್ಷೆ ಬರೆದ್ರು.

ಬೀದಿನಾಯಿ ಬಗ್ಗೆ ಹೇಳದೆ ಇದ್ರೆ ಇಲ್ಲಿಯವರು ನನ್ನನ್ನು ಬಿಡ್ಲಿಕ್ಕಿಲ್ಲ. 2022ರಲ್ಲಿ ಬೇಕಲದ ಹತ್ರ ಒಬ್ಬ ಅಪ್ಪ ನಾಯಿ ಬಂದ್ರೆ ಅಂತ ಏರ್‌ಗನ್ ಹಿಡ್ಕೊಂಡು ಮದ್ರಸಕ್ಕೆ ಹೋಗುವ ಮಕ್ಕಳ ಮುಂದೆ ನಡೆದ ವಿಡಿಯೋ ವೈರಲ್ ಆಗಿತ್ತು, ಪೊಲೀಸರು ಅವರ ಮೇಲೆ ಕೇಸೂ ಹಾಕಿದ್ರು. ನಗು ಬರ್ತದೆ, ಬೆಳಿಗ್ಗೆ ಆರೂವರೆಗೆ ಆ ದಾರಿಯಲ್ಲಿ ನಡೆದವರಿಗೆ ಬರುದಿಲ್ಲ.

ನಮ್ಮ ಆ ಹುಡುಗ ಈಗ ಹೈಸ್ಕೂಲು, ಮಲಯಾಳ ಸರಾಗ ಓದ್ತಾನೆ. ನನಗೇ ಬರುದಿಲ್ಲ. ಮೊನ್ನೆ ಅದೇ ಸ್ಟ್ಯಾಂಡಲ್ಲಿ ಒಂದು ಪುಟ್ಟ ಹುಡುಗಿ ಬಂದು "ಮಾಮ, ಇದು ಪೆರ್ಲಕ್ಕೆ ಹೋಗ್ತದಾ" ಅಂತ ಕೇಳಿದ್ಲು, ನಾನು ಬೋರ್ಡು ನೋಡಿದೆ, ಆ 'ಪೆ' ಹೇಗಿತ್ತು ಅಂತ ನೆನಪು ಮಾಡಿದೆ, ಆಮೇಲೆ ಅವಳ ಕೈ ಹಿಡ್ಕೊಂಡು ಕಂಡಕ್ಟರ್ ಹತ್ರವೇ ಹೋಗಿ ಕೇಳಿದೆ.